ತಮ್ಮನ ಮಗ ಎಎಸ್‌ಸಿಗೆ ಸೇರ್ತೀನಿ ಅಂತಿದ್ದಾನೆ, ಅಲ್ಲಿದ್ದವರು ಸ್ವಲ್ಪ ಹೇಳಿ

ಪ್ರಶ್ನೆ: ಸಕಲೇಶಪುರ ಕಡೆಯಿಂದ

ನನ್ನ ತಮ್ಮನ ಮಗ ಹಾಸನದಲ್ಲಿ ಕಾಮರ್ಸ್ ತಗೊಂಡು ಪಿಯುಸಿ ಮುಗಿಸಿದ್ದಾನೆ. ಟ್ರ್ಯಾಕ್ಟರ್, ಪಿಕಪ್ ಎಲ್ಲ ಓಡಿಸ್ತಾನೆ, ಕಾರಿನ ಲೈಸೆನ್ಸ್ ಇದೆ. ನಾಲ್ಕು ವರ್ಷದ ಅಗ್ನಿವೀರ್ ಸೇವೆಗೆ ಅರ್ಜಿ ಹಾಕಿ ಎಎಸ್‌ಸಿ, ಅಂದ್ರೆ ಆರ್ಮಿ ಸರ್ವಿಸ್ ಕೋರ್‌ಗೆ ಹೋಗ್ತೀನಿ ಅಂತ ಹಟ. ಅವರಪ್ಪ "ಲಾರಿ ಓಡಿಸೋಕೆ ಸೈನ್ಯಕ್ಕೆ ಯಾಕೆ ಹೋಗಬೇಕು, ಶಿರಾಡಿ ಘಾಟಿಯಲ್ಲೇ ಓಡಿಸಲಿ" ಅಂತಾನೆ. ಮನೆಯಲ್ಲಿ ದಿನಾ ಇದೇ ಜಗಳ. ಅಲ್ಲಿ ಕೆಲಸ ಏನು, ಅಪಾಯ ಎಷ್ಟು, ನಾಲ್ಕು ವರ್ಷ ಆದಮೇಲೆ ಏನು? ಸೇವೆಯಲ್ಲಿ ಇದ್ದವರು, ಅವರ ಮನೆಯವರು ಅನುಭವ ಹೇಳಿದರೆ ಉಪಕಾರ.

ಅರಸೀಕೆರೆ, ನಿವೃತ್ತ ಹವಾಲ್ದಾರ್ (ಎಂಟಿ)

ಅಕ್ಕ, ನಿಮ್ಮ ತಮ್ಮ ಅಂದ ಹಾಗೆ ಲಾರಿ ಓಡಿಸೋದು ಹೌದು, ಆದರೆ ಅದು ಅರ್ಧ ಮಾತ್ರ. ಪಡೆಗಳಿಗೆ ರೇಷನ್, ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸೋದು, ಸಾಮಾನು ಮತ್ತು ಜನರನ್ನು ಸಾಗಿಸೋದು ಎಎಸ್‌ಸಿ ಪಾಲಿನ ಕೆಲಸ. ಗಾಡಿಗಳ ವಿಭಾಗಕ್ಕೆ ನಾವು ಎಂಟಿ ಅಂತೀವಿ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಸಾಮಾನು ಇಳಿಸೋದಕ್ಕೂ ನಮ್ಮಲ್ಲಿ ಬೇರೆ ತಂಡಗಳಿವೆ. 1760ರ ಡಿಸೆಂಬರ್ 8 ನಮ್ಮ ಕೋರ್‌ನ ಹುಟ್ಟುಹಬ್ಬ, ಅಷ್ಟು ಹಳೇದು. ಟ್ರೇನಿಂಗ್ ಸೆಂಟರ್ ಬೆಂಗಳೂರಲ್ಲೇ ಇದೆ. ಹಾಗಂತ ಹುಡುಗ ಊರ ಹತ್ತಿರ ಇರ್ತಾನೆ ಅಂದ್ಕೋಬೇಡಿ. ಟ್ರೇನಿಂಗ್ ಮುಗಿದ ಮೇಲೆ ಲಡಾಖೋ ಅರುಣಾಚಲವೋ, ಎಲ್ಲಿಗೆ ಕಳಿಸ್ತಾರೋ ಅಲ್ಲಿಗೆ.

ನಾನು ಹೆಚ್ಚು ಕಾಲ ಇದ್ದದ್ದು ಶ್ರೀನಗರ–ಲೇಹ್ ದಾರಿಯಲ್ಲಿ. ಸೋನಮಾರ್ಗ್ ದಾಟಿದರೆ ಜೊಜಿ ಲಾ ಅನ್ನೋ ಘಾಟಿ, 11,500 ಅಡಿ ಮೇಲೆ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತೆ. ಹಾಗಾಗಿ ಆಚೆ ಕಡೆ ಇರೋ ಪಡೆಗಳಿಗೆ ಇಡೀ ಚಳಿಗಾಲಕ್ಕೆ ಬೇಕಾದ ಅಕ್ಕಿ, ಹಿಟ್ಟು, ಎಣ್ಣೆ, ಇಂಧನ ಎಲ್ಲ ದಾರಿ ತೆರೆದಿರೋ ತಿಂಗಳುಗಳಲ್ಲೇ ಹೋಗಿ ಸೇರಬೇಕು. ಇದಕ್ಕೆ 'ವಿಂಟರ್ ಸ್ಟಾಕಿಂಗ್' ಅಂತಾರೆ. ನಮ್ಮ ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿಯೋ ಮುಂಚೆ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡ್ತೀವಲ್ಲ, ಅದೇ ಲೆಕ್ಕ. ವ್ಯತ್ಯಾಸ ಏನಂದ್ರೆ ಅಲ್ಲಿ ಲೆಕ್ಕ ತಪ್ಪಿದರೆ ಪಕ್ಕದ ಮನೆಯಿಂದ ಸಾಲ ತರೋಕಾಗಲ್ಲ. 2020ರಲ್ಲಿ ಗಾಲ್ವಾನ್‌ನಲ್ಲಿ ಚೀನಾದವರ ಜೊತೆ ಘರ್ಷಣೆ ಆದ ಮೇಲೆ ಲಡಾಖಿಗೆ ಹೆಚ್ಚುವರಿ ಸೈನಿಕರು ಹೋದರಲ್ಲ, ಅಷ್ಟೂ ಜನಕ್ಕೆ ಅದೇ ಬೇಸಿಗೆಯಲ್ಲಿ ಊಟ, ಬಟ್ಟೆ, ಚಳಿ ಕಾಯಿಸೋ ಬುಖಾರಿ ಒಲೆಗೆ ಸೀಮೆಎಣ್ಣೆ ಹೊಂದಿಸಬೇಕಾಯ್ತು. ಟಿವಿಯವರು ತೋರಿಸಿದ್ದು ವಿಮಾನಗಳನ್ನು. ರಸ್ತೆ ಮೇಲೆ ಹೋದ ಲಾರಿಗಳನ್ನು ಯಾರೂ ಎಣಿಸಲಿಲ್ಲ.

ಈಗ ಇನ್ನೊಂದು ದಾರಿ, ಮನಾಲಿ–ಲೇಹ್‌ನಲ್ಲಿ ಅಟಲ್ ಸುರಂಗ ಆಗಿದೆಯಲ್ಲ ಅಂತ ಕೇಳಬಹುದು. 9.02 ಕಿಲೋಮೀಟರ್ ಸುರಂಗ, 2020ರ ಅಕ್ಟೋಬರ್‌ನಲ್ಲಿ ತೆರೆಯಿತು, ರೋಹ್ತಾಂಗ್ ಘಾಟಿಯ ಕಷ್ಟ ತಪ್ಪಿತು. ಆದರೆ ಅದೇ ದಾರಿಯಲ್ಲಿ ಮುಂದೆ 16,000 ಅಡಿ ಎತ್ತರದ ಬಾರಾಲಾಚಾ ಲಾ ಇದೆ, ಅದಕ್ಕೆ ಸುರಂಗ ಇಲ್ಲ. ಸ್ಟಾಕಿಂಗ್ ನಿಲ್ಲಲ್ಲ.

ಇನ್ನು ಡ್ರೈವರ್ ಕೆಲಸ. ಬೆಳಿಗ್ಗೆ ಮೊದಲು ರಸ್ತೆ ತಪಾಸಣೆ ತಂಡ ಹೋಗಿ ದಾರಿ ಸರಿಯಿದೆ ಅಂದ ಮೇಲೇ ಕಾನ್ವಾಯ್, ಅಂದ್ರೆ ಗಾಡಿಗಳ ಸಾಲು, ಹೊರಡೋದು. ಗಾಡಿ ಗಾಡಿ ನಡುವೆ ಅಂತರ ಬಿಡಬೇಕು, ಓವರ್‌ಟೇಕ್ ಅನ್ನೋ ಮಾತೇ ಇಲ್ಲ, ಕೊನೇಲಿ ರಿಕವರಿ ಗಾಡಿ. ಲೇಲ್ಯಾಂಡ್ ಸ್ಟಾಲಿಯನ್ ಲಾರಿಗೆ ಚಕ್ರದ ಚೈನ್ ಹಾಕೋದನ್ನು ಕೈ ಮರಗಟ್ಟಿರುವಾಗ ಮಾಡಬೇಕು. ಶಿರಾಡಿಯಲ್ಲಿ ಬಸ್ಸಿನವರ ಹಾಗೆ ನುಗ್ಗೋ ಅಭ್ಯಾಸ ಇದ್ದರೆ ಮೊದಲ ತಿಂಗಳಲ್ಲೇ ಕಲಿಸೋ ಉಸ್ತಾದ್ ಬಿಡಿಸ್ತಾರೆ. ಟ್ರ್ಯಾಕ್ಟರ್ ಓಡಿಸಿದ ಹುಡುಗರು ಇಳಿಜಾರಲ್ಲಿ ಗೇರ್ ಹಿಡಿಯೋದನ್ನು ಬೇಗ ಕಲೀತಾರೆ, ಅದು ನಾನು ಕಂಡಿದ್ದು.

ಅಪಾಯ ಇದೆ, ಇಲ್ಲ ಅಂದ್ರೆ ಸುಳ್ಳು. ಭೂಕುಸಿತ, ಮಂಜುಗಡ್ಡೆ ರಸ್ತೆ, ಆಮ್ಲಜನಕ ಕಮ್ಮಿ. 2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ 40 ಜವಾನರು ಹುತಾತ್ಮರಾದರಲ್ಲ, ಅದು ಸಿಆರ್‌ಪಿಎಫ್ ಕಾನ್ವಾಯ್. ಸೇನೆಯದಲ್ಲ, ಆದರೆ ಹೆದ್ದಾರಿ ನಾವೂ ಓಡಾಡುತ್ತಿದ್ದ ಜಮ್ಮು–ಶ್ರೀನಗರದ್ದೇ.

ಬೇಲೂರು, ಇಎಂಇ

ಮೇಲಿನ ಸಾಹೇಬರು ಹೇಳಿದ್ದೆಲ್ಲ ಸರಿ. ಒಂದು ಗೊಂದಲ ಮಾತ್ರ ಬಿಡಿಸ್ತೀನಿ, ಊರಲ್ಲಿ ಎಲ್ಲರೂ ಕಲಸಿಬಿಡ್ತಾರೆ. ಹೊಟ್ಟೆಗೆ, ಇಂಜಿನ್‌ಗೆ ಬೇಕಾದ್ದು ಎಎಸ್‌ಸಿ. ಮದ್ದುಗುಂಡು, ಸಮವಸ್ತ್ರ, ಹಿಮದ ಬಟ್ಟೆ, ಬಿಡಿಭಾಗ ಆರ್ಡ್‌ನೆನ್ಸ್ ಕೋರ್, ಅಂದ್ರೆ ಎಒಸಿ. ಕೆಟ್ಟದ್ದನ್ನು ರಿಪೇರಿ ಮಾಡೋದು ನಾವು, ಅಂದ್ರೆ ಇಎಂಇ. ಸ್ಟಾಲಿಯನ್ ಓಡಿಸೋನು ಎಎಸ್‌ಸಿಯವನು, ಅದರ ಗೇರ್‌ಬಾಕ್ಸ್ ಇಳಿಸೋನು ಇಎಂಇಯವನು, ಹೊಸ ಗೇರ್‌ಬಾಕ್ಸ್ ಬರೋದು ಎಒಸಿ ಡಿಪೋದಿಂದ. ಹುಡುಗನಿಗೆ ಸ್ಪ್ಯಾನರ್ ಮೇಲೆ ಆಸೆ ಇದ್ದರೆ ಎಎಸ್‌ಸಿ ಅವನ ಜಾಗ ಅಲ್ಲ.

ಚಿಕ್ಕಮಗಳೂರು

ಎಎಸ್‌ಸಿಯಲ್ಲಿ ಸಾಮಾನು ಹೊರೋ ಹೇಸರಗತ್ತೆ ಕಂಪನಿಗಳನ್ನು ಮರೆತುಬಿಟ್ರಲ್ಲ! ನಮ್ಮ ಮಾವ ಅದರಲ್ಲಿದ್ದರು. ರಸ್ತೆ ಮುಗಿದ ಮೇಲೆ ಸೈನಿಕರ ಪೋಸ್ಟ್‌ವರೆಗೂ ಹೊತ್ತೊಯ್ಯೋದು ಅವೇ. 1999ರಲ್ಲಿ ಕಾರ್ಗಿಲ್ ಬೆಟ್ಟಗಳಿಗೂ ಹೊತ್ತವು. ಪೆಡೊಂಗಿ ಅನ್ನೋ ಹೇಸರಗತ್ತೆ 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿ, ಅವರದೇ ಮೆಷಿನ್‌ಗನ್ ಬೆನ್ನ ಮೇಲೆ ಹೊತ್ತು ನಮ್ಮ ಕಡೆಗೆ ವಾಪಸ್ ಬಂತಂತೆ. ಮಾವ ಅದನ್ನು ಹೇಳೋಕೆ ಶುರು ಮಾಡಿದರೆ ಕಾಫಿ ಆರಿಹೋಗುತ್ತಿತ್ತು. ಈಗ ಆ ಕೆಲಸಕ್ಕೆ ಡ್ರೋನ್ ಬರ್ತಿವೆ. ಹುಡುಗ ಸೇರಿದರೆ ಅದನ್ನೂ ಕಲೀಬಹುದು.

ಚನ್ನರಾಯಪಟ್ಟಣ

ನಾನು ಹೆಂಡತಿ ಕಡೆಯಿಂದ ಹೇಳ್ತೀನಿ ಅಕ್ಕ. ನಮ್ಮೆಜಮಾನರು ಎಎಸ್‌ಸಿ ಸಪ್ಲೈ ಡಿಪೋದಲ್ಲಿದ್ದರು. ಗುಂಡಿನ ಭಯಕ್ಕಿಂತ ಅವರಿಗೆ ಸ್ಟಾಕ್ ತಾಳೆ ಆಗದ ಭಯ ಜಾಸ್ತಿ ಇತ್ತು. ಒಂದು ಡಬ್ಬ ತುಪ್ಪ ಲೆಕ್ಕಕ್ಕೆ ಬರದಿದ್ದರೂ ರಾತ್ರಿ ನಿದ್ದೆ ಇಲ್ಲ. ರಜೆಗೆ ಬಂದಾಗಲೂ ನಮ್ಮ ಅಡುಗೆಮನೆ ಡಬ್ಬಗಳ ಮೇಲೆ ತಾರೀಖು ಬರೆಯೋರು. ಬೇಸಿಗೆಯಲ್ಲಿ ರಜೆ ಸಿಗೋದು ಕಷ್ಟ, ಕೆಲಸ ಇರೋದೇ ಆಗ. ನಮ್ಮೂರ ಜಾತ್ರೆ, ಮದುವೆ ಎಲ್ಲ ಬೇಸಿಗೆಯಲ್ಲೇ ಅಲ್ವಾ. ಅದಕ್ಕೆ ಮನೆಯವರು ಮೊದಲೇ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಓದಿ ಹೇಳಿದೆ, ಲೆಕ್ಕ ಇಡೋ ಕೆಲಸವೂ ಇದೆ ಅಂತ ಕೇಳಿ ಸ್ವಲ್ಪ ಮೆತ್ತಗಾದ. ಹಾಗಾದ್ರೆ ಅರ್ಜಿಯಲ್ಲಿ ಎಎಸ್‌ಸಿ ಅಂತಲೇ ಬರೀಬೇಕಾ?

ಹಾಸನ, ನಿವೃತ್ತ ಕ್ಲರ್ಕ್

ಇಲ್ಲಮ್ಮ. ಅರ್ಜಿಯಲ್ಲಿ ಆರಿಸೋದು ವರ್ಗ, ಕೋರ್ ಅಲ್ಲ. ಯಾವ ಕೋರ್ ಅನ್ನೋದನ್ನು ಅಗತ್ಯ ನೋಡಿ ಅವರೇ ಹಂಚ್ತಾರೆ. 'ನನಗೆ ಎಎಸ್‌ಸಿನೇ ಬೇಕು' ಅನ್ನೋ ಹಟಕ್ಕೆ ಅಲ್ಲಿ ಜಾಗವೇ ಇಲ್ಲ, ಅದನ್ನು ಹುಡುಗನಿಗೆ ಇವತ್ತೇ ಹೇಳಿ.

ಕಾಮರ್ಸ್ ಓದಿದ್ದಾನೆ ಅಂದ್ರಲ್ಲ. ಕ್ಲರ್ಕ್ ಮತ್ತು ಸ್ಟೋರ್‌ಕೀಪರ್ ವರ್ಗಕ್ಕೆ ಪಿಯುಸಿಯಲ್ಲಿ ಒಟ್ಟು ಶೇ. 60, ಪ್ರತಿ ವಿಷಯದಲ್ಲೂ ಶೇ. 50 ಬೇಕು. ಇಂಗ್ಲಿಷ್ ಜೊತೆಗೆ ಗಣಿತವೋ ಅಕೌಂಟೆನ್ಸಿಯೋ ಓದಿರಬೇಕು. ಅಂಕ ಇದ್ದರೆ ನನ್ನ ಓಟು ಇದಕ್ಕೇ. ಇಲ್ಲದಿದ್ದರೆ ಜನರಲ್ ಡ್ಯೂಟಿ.

ದುಡ್ಡಿನ ವಿಷಯ ತಮ್ಮನವರಿಗೆ ನೇರವಾಗಿ ಹೇಳಿಬಿಡಿ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಸೇವಾ ನಿಧಿಗೆ, ಕೈಗೆ 21,000. ನಾಲ್ಕು ವರ್ಷದ ಕೊನೆಗೆ ಸರ್ಕಾರದ ಪಾಲು, ಬಡ್ಡಿ ಸೇರಿ ಸುಮಾರು 11.71 ಲಕ್ಷ ಅಂತ 2022ರಲ್ಲಿ ಯೋಜನೆ ಘೋಷಿಸಿದಾಗ ಹೇಳಿದ್ದು. ಪೆನ್ಷನ್ ಇಲ್ಲ. ಮುಂದೆ ಉಳಿಸ್ಕೊಳ್ಳೋದು ಹೆಚ್ಚೆಂದರೆ ನೂರಕ್ಕೆ 25 ಜನರನ್ನು. ಹಾಗಾಗಿ ಉಳಿಯದ 75ರಲ್ಲಿ ಅವನಿದ್ದಾನೆ ಅಂತಲೇ ಇಟ್ಕೊಂಡು ಯೋಚನೆ ಮಾಡಿ. ಡ್ರೈವರ್ ಆದರೆ ಸೇವೆಯಲ್ಲಿ ಇರುವಾಗಲೇ ಸಿವಿಲ್ ಹೆವಿ ಲೈಸೆನ್ಸ್‌ಗೆ ಬೇಕಾದ ಕಾಗದ ಯೂನಿಟ್‌ನಿಂದ ತಗೊಳ್ಳಲಿ, ಸ್ಟೋರ್‌ನಲ್ಲಿದ್ದರೆ ಕಂಪ್ಯೂಟರ್ ಸ್ಟಾಕ್ ಲೆಕ್ಕ ಕಲಿಯಲಿ, ಜೊತೆಗೆ ಡಿಗ್ರಿ ಕಟ್ಟಲಿ.

ಕೊನೇದಾಗಿ, ಹಾಸನ ಜಿಲ್ಲೆಯವರು ಬೆಂಗಳೂರು ನೇಮಕಾತಿ ಕಚೇರಿಗೆ ಸೇರ್ತಾರೆ, ಪಕ್ಕದ ಚಿಕ್ಕಮಗಳೂರಿನವರು ಮಂಗಳೂರಿಗೆ. ಗೆಳೆಯರ ಜೊತೆ ಸೇರ್ಕೊಂಡು ಮೂಡಿಗೆರೆ ಹುಡುಗರ ರ್‍ಯಾಲಿಗೆ ಹೋಗಿ ವಾಪಸ್ ಬಂದವರನ್ನು ನೋಡಿದ್ದೀನಿ. ಆಧಾರ್, ಅಂಕಪಟ್ಟಿ, ವಾಸಸ್ಥಳ ಪ್ರಮಾಣಪತ್ರ ಎಲ್ಲದರಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಇದೆಯಾ ಅಂತ ಈ ವಾರವೇ ನೋಡಿಸಿ, ಇಲ್ಲದಿದ್ದರೆ ನಾಡಕಚೇರಿ ಕೆಲಸಕ್ಕೆ ದಿನ ಹಿಡಿಯುತ್ತೆ.