ಮುಂಗೈಗೆ ಚುಚ್ಚಿ ಅಲರ್ಜಿ ನೋಡುವ ಉಪಾಯ ಮೊದಲು ಯಾರಿಗೆ ಹೊಳೆಯಿತು?

ಸೀನುಮೂಗು:
ಮೊನ್ನೆ ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟು, ಹನಿಯ ಮೇಲೇ ಸಣ್ಣಗೆ ಚುಚ್ಚಿದರು. ಕಾಲು ಗಂಟೆಯಲ್ಲಿ ಮೂರು ಕಡೆ ಸೊಳ್ಳೆ ಕಚ್ಚಿದ ಹಾಗೆ ಗಂದೆ ಎದ್ದವು. ಕೆರೆದುಕೊಳ್ಳುವ ಹಾಗೂ ಇಲ್ಲ, ಸುಮ್ನೆ ನೋಡುತ್ತಾ ಕೂರಬೇಕು! ಇದನ್ನು ಮೊದಲು ಮಾಡಿದ್ದು ಯಾರು? ಯಾರ ಮೇಲೆ?

ಹಳೇಪುಟ:
ತನ್ನ ಮೇಲೇ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ, ನಿಮ್ಮ ಹಾಗೇ ಸೀನುವ ಗಿರಾಕಿ. ಬೇಸಿಗೆಯ ಸೀನಿಗೆ ಬಿಸಿಲು ಕಾರಣ, ಓಝೋನ್ ಕಾರಣ ಅಂತ ಆಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಈತ ಎಲ್ಲವನ್ನೂ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡ. 1865ರಲ್ಲಿ ಚರ್ಮ ಕೆರೆದು, ಅದರ ಮೇಲೆ ಹುಲ್ಲಿನ ಪರಾಗ ಇಟ್ಟು ಒದ್ದೆ ಬಟ್ಟೆ ಕಟ್ಟಿದ. ಇನ್ನೊಂದು ಕಡೆಯೂ ಹಾಗೇ ಕೆರೆದ, ಆದರೆ ಪರಾಗ ಇಡಲಿಲ್ಲ. ಪರಾಗ ಇಟ್ಟ ಕಡೆ ಮಾತ್ರ ಊದಿಕೊಂಡು ತುರಿಸತೊಡಗಿತು. ನನಗೆ ಕೇಳಿದರೆ ಆ ಎರಡನೇ ಗೀರೇ ಅವನ ನಿಜವಾದ ಜಾಣತನ. 1873ರಲ್ಲಿ ಎಲ್ಲ ಸೇರಿಸಿ ಪುಸ್ತಕ ಮಾಡಿದ.

ಅರ್ಧರಾತ್ರಿ:
ವಾನ್ ಪಿರ್ಕೆ ಅಲ್ವಾ ಮೊದಲು?

ಹಳೇಪುಟ:
ಅಲ್ಲ. ಆತ 'ಅಲರ್ಜಿ' ಅನ್ನುವ ಪದ ಕೊಟ್ಟವನು, 1906ರಲ್ಲಿ. ಮರುವರ್ಷ ಅವನು ಚರ್ಮ ಗೀರಿ ನೋಡಿದ್ದು ಕ್ಷಯಕ್ಕೆ. ಬ್ಲ್ಯಾಕ್ಲಿ ಗೀರಿಕೊಂಡಾಗ ಈ ಪದವೇ ಇರಲಿಲ್ಲ.

ಮೀನುಪ್ರಿಯ:
ನನಗೆ ಇಷ್ಟವಾದ ಕಥೆ 1921ರದ್ದು, ಇಬ್ಬರು ವೈದ್ಯರದ್ದು. ಕ್ಯುಸ್ಟ್ನರ್‌ಗೆ ಮೀನು ತಿಂದರೆ ಆಗುತ್ತಿರಲಿಲ್ಲ, ಅವನ ಜೊತೆಗಾರ ಪ್ರೌಸ್ನಿಟ್ಸ್‌ಗೆ ಮೀನಿನಿಂದ ಏನೂ ತೊಂದರೆ ಇಲ್ಲ. ಕ್ಯುಸ್ಟ್ನರ್‌ನ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ತನ್ನ ಚರ್ಮಕ್ಕೆ ಚುಚ್ಚಿಸಿಕೊಂಡ, ಮಾರನೇ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರೆ ಗಂದೆ ಎದ್ದೇಬಿಟ್ಟಿತು! ಅಂದರೆ ರಕ್ತದಲ್ಲೇ ಏನೋ ಇದೆ ಅಂತಾಯಿತು. ಅದು ಐಜಿಇ ಅನ್ನುವ ಪ್ರತಿಕಾಯ (ಹೊರಗಿನ ವಸ್ತುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಅಂತ ಗೊತ್ತಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಇನ್ನೊಬ್ಬರ ರಕ್ತದಿಂದ ರೋಗ ಅಂಟಬಹುದು, ಹಾಗಾಗಿ ಈಗ ಆ ಪರೀಕ್ಷೆ ಯಾರೂ ಮಾಡುವುದಿಲ್ಲ.

ಬಿಳಿಕೋಟು:
ನಿಮಗೆ ಮಾಡಿದ ಹನಿ ಹಾಕಿ ಚುಚ್ಚುವ ವಿಧಾನವನ್ನು 1924ರಲ್ಲಿ ಲೂಯಿಸ್ ಮತ್ತು ಗ್ರಾಂಟ್ ಬರೆದಿಟ್ಟರು. ಗೀರುವುದಕ್ಕಿಂತ ನೋವು ಕಡಿಮೆ, ಸುಮ್ಮಸುಮ್ಮನೆ ಕೆಂಪಾಗುವುದೂ ಕಡಿಮೆ. ಬ್ಲ್ಯಾಕ್ಲಿಯ ಎರಡನೇ ಗೀರು ಇಂದಿಗೂ ಇದೆ, ಬರೀ ಉಪ್ಪುನೀರಿನ ಹನಿಯಾಗಿ. ಅದಕ್ಕಿಂತ 3 ಮಿಲಿಮೀಟರ್ ಆದರೂ ದೊಡ್ಡದಾಗಿ ಎದ್ದರೆ ಪಾಸಿಟಿವ್. ಜೊತೆಗೆ ಒಂದು ಹಿಸ್ಟಮಿನ್ ಹನಿ (ಅಲರ್ಜಿಯಲ್ಲಿ ದೇಹವೇ ಬಿಡುವ, ತುರಿಕೆ ಎಬ್ಬಿಸುವ ವಸ್ತು), ಅದು ಎಲ್ಲರಿಗೂ ಏಳಲೇಬೇಕು. ಏಳದಿದ್ದರೆ ಅಲರ್ಜಿ ಮಾತ್ರೆ ನಿಲ್ಲಿಸದೆ ಬಂದಿದ್ದೀರಿ ಅಂತ ಅನುಮಾನ. ಇನ್ನೊಂದು, ಗಂದೆ ಎದ್ದ ಮಾತ್ರಕ್ಕೆ ಅಲರ್ಜಿ ಅಂತಲ್ಲ. ಆ ವಸ್ತುವಿನಿಂದ ನಿಜವಾಗಿ ತೊಂದರೆ ಆಗುತ್ತದಾ ಅನ್ನುವುದನ್ನೂ ನೋಡಬೇಕು.

ಸೀನುಮೂಗು:
ಅಯ್ಯೋ, ಹಾಗಾದರೆ ನನ್ನ ಮೂರರಲ್ಲಿ ಒಂದು ಲೆಕ್ಕಕ್ಕೇ ಇಲ್ಲ! ಎಲ್ಲಕ್ಕಿಂತ ಜಾಸ್ತಿ ತುರಿಸಿದ್ದರ ಪಕ್ಕ 'ಎಚ್' ಅಂತ ಬರೆದಿದ್ದರು.