ಪದಚರ್ಚೆ: ಬಾಯಿ ಮಾತ್ರ ಹಂದಾಡುವ (ಅಲುಗಾಡುವ) ಚಿತ್ರಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ಲಿಮಿಟೆಡ್ ಆನಿಮೇಶನ್ ಅಂತಾರಲ್ಲ, ಅದಕ್ಕೆ. ಪಾತ್ರದ ಮೈಯೆಲ್ಲ ಒಂದೇ ಚಿತ್ರವಾಗಿ ನಿಂತಿರುತ್ತದೆ. ಬಾಯಿ, ಕಣ್ಣು, ಹೆಚ್ಚೆಂದರೆ ಒಂದು ಕೈಯನ್ನು ಬೇರೆ ಹಾಳೆಯ ಮೇಲೆ ಬರೆದು, ಅಷ್ಟನ್ನೇ ಬದಲಾಯಿಸುತ್ತ ಮಾತಾಡಿಸುತ್ತಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಮೈಪೂರ್ತಿ ಮತ್ತೆ ಮತ್ತೆ ಬರೆಯುತ್ತ ಕೂತರೆ ವಾರಕ್ಕೊಂದು ಕಂತು ಟಿವಿಗೆ ಕೊಡಲು ದುಡ್ಡೂ ಸಾಲದು, ಜನವೂ ಸಾಲದು. ಅದಕ್ಕೇ ಈ ದಾರಿ.

ಶಿರಸಿಯಲ್ಲಿ ನಾವು ಕೆಲವರು ಮಕ್ಕಳನ್ನು ಕೂರಿಸಿಕೊಂಡು ಹಳೆಯ ವಿಜ್ಞಾನ ಕಥೆಗಳನ್ನು ನೋಡಿ ಮಾತಾಡುತ್ತೇವೆ. ಈ ಸಲ ಆರಿಸಿದ್ದು 1973ರ 'ಸ್ಟಾರ್ ಟ್ರೆಕ್' ಕಾರ್ಟೂನ್ ಸರಣಿಯ ಎರಡನೇ ಕಂತು, 'ಯೆಸ್ಟರ್‌ಇಯರ್'. ಬರೆದವರು ಡಿ. ಸಿ. ಫೊಂಟಾನ, ಚಿತ್ರ ಮಾಡಿದ್ದು ಫಿಲ್ಮೇಶನ್ ಕಂಪನಿ. ಇದರ ಬಗ್ಗೆ ಮಕ್ಕಳಿಗೆ ಕೊಡಲು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಪದ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ.

ಕಥೆ ಹೀಗಿದೆ. ಬಾಹ್ಯಾಕಾಶ ಹಡಗೊಂದರ ಅಧಿಕಾರಿ ಸ್ಪಾಕ್ ಒಂದು ಕಾಲದ್ವಾರದಿಂದ ಹೊರಗೆ ಬಂದಾಗ ಹಡಗಿನಲ್ಲಿ ಕ್ಯಾಪ್ಟನ್ ಕಿರ್ಕ್ ಬಿಟ್ಟರೆ ಯಾರಿಗೂ ಅವನ ಗುರುತಿಲ್ಲ. ಅವನ ಜಾಗದಲ್ಲಿ ಥೆಲಿನ್ ಅನ್ನುವ ನೀಲಿ ಮೈಯ ಅಧಿಕಾರಿ ಇದ್ದಾನೆ. ಹುಡುಕಿದರೆ, ಸ್ಪಾಕ್ ಏಳು ವರ್ಷದವನಿದ್ದಾಗಲೇ ಮರುಭೂಮಿಯಲ್ಲಿ ಸತ್ತ ಅಂತ ದಾಖಲೆ ಹೇಳುತ್ತದೆ. ಅವನಿಗೆ ಮಾತ್ರ ದೂರದ ಸಂಬಂಧಿಯೊಬ್ಬ ಬಂದು ತನ್ನನ್ನು ಉಳಿಸಿದ್ದು ನೆನಪಿದೆ. ಆ ಸಂಬಂಧಿ ಬೇರೆ ಯಾರೂ ಅಲ್ಲ, ದೊಡ್ಡವನಾದ ತಾನೇ. ಹಾಗಾಗಿ ಸೆಲೆಕ್ ಅನ್ನುವ ಹೆಸರಿಟ್ಟುಕೊಂಡು ಹಿಂದಿನ ಕಾಲಕ್ಕೆ, ತನ್ನ ಊರಿಗೆ ಹೋಗುತ್ತಾನೆ. ಹುಡುಗ ಸ್ಪಾಕ್ ತನ್ನ ಧೈರ್ಯ ನೋಡಿಕೊಳ್ಳಲು ರಾತ್ರಿ ಒಬ್ಬನೇ ಮರುಭೂಮಿಗೆ ಹೊರಟಿರುತ್ತಾನೆ. ಅವನ ಹಿಂದೆ ಮನೆಯ ಮುದಿ ಸಾಕುಪ್ರಾಣಿ ಐ-ಚಾಯಾ. ಕೋರೆಹಲ್ಲಿನ ದೊಡ್ಡ ಕರಡಿಯಂಥ ಪ್ರಾಣಿ ಅದು. ದುಷ್ಟಮೃಗವೊಂದು ಮೇಲೆ ಬಿದ್ದಾಗ ಹುಡುಗನನ್ನು ಕಾಯಲು ಹೋಗಿ ಐ-ಚಾಯಾಗೆ ವಿಷದ ಉಗುರು ತಾಗುತ್ತದೆ.

ಈ ಪ್ರಾಣಿ, ಕಾರ್ಟೂನಿಗೆ ಮೊದಲು ನಟರೇ ಅಭಿನಯಿಸಿದ್ದ ಹಳೆಯ 'ಸ್ಟಾರ್ ಟ್ರೆಕ್' ಸರಣಿಯ 1967ರ ಕಂತೊಂದರಲ್ಲಿ ಬರೀ ತಮಾಷೆಯ ಮಾತಾಗಿ ಬಂದು ಹೋಗಿತ್ತು. ಅದನ್ನು ಬರೆದವರೂ ಫೊಂಟಾನ ಅವರೇ. ಅಷ್ಟು ಸಣ್ಣ ಎಳೆ ಹಿಡಿದು ಇಷ್ಟು ತೂಕದ ಕಥೆ ನೇಯ್ದಿದ್ದಾರೆ. ನನಗೆ ಇದು ತುಂಬಾ ದೊಡ್ಡ ವಿಷಯ.

ಈಗ ಪದಕ್ಕೆ ಬರುತ್ತೇನೆ. ಮೃಗದ ಜೊತೆ ಕಾದಾಟದ ಭಾಗ ಸಪ್ಪೆ. ಜಗಳದಲ್ಲಿ ರಭಸವೇ ಇಲ್ಲ. ಓಟ, ನಡಿಗೆ ಎಲ್ಲ ಮೊದಲೇ ಬರೆದಿಟ್ಟ ಚಿತ್ರಗಳ ಸುತ್ತು. ಫಿಲ್ಮೇಶನ್‌ನವರು ಒಮ್ಮೆ ಬರೆದ ಚಿತ್ರಗಳನ್ನು ಕಂತಿನಿಂದ ಕಂತಿಗೆ ಮತ್ತೆ ಮತ್ತೆ ಬಳಸುತ್ತಿದ್ದರು, ಅದು ಎದ್ದು ಕಾಣುತ್ತದೆ. ಮಕ್ಕಳಂತೂ ಆರಂಭದಲ್ಲೇ "ಬಾಯಿ ಮಾತ್ರ ಹಂದ್ತು" ಅಂದರು. ಆದರೆ ವೈದ್ಯ ಬಂದ ಮೇಲಿನ ದೃಶ್ಯವನ್ನು ನೋಡಿ. ಐ-ಚಾಯಾ ಮಲಗಿದೆ. ಬದುಕಿಸಬಹುದು, ಆದರೆ ಉಳಿದಷ್ಟು ದಿನ ನೋವೇ. ಇಲ್ಲವಾದರೆ ಈಗಲೇ ಶಾಂತವಾಗಿ ಸಾಯುವಂತೆ ಮಾಡಬಹುದು. ಯಾವುದು ಅಂತ ಹೇಳಬೇಕಾದವನು ಏಳು ವರ್ಷದ ಹುಡುಗ. ಇಲ್ಲಿ ಯಾರೂ ಹಂದುವುದಿಲ್ಲ. ಮುಖ, ದನಿ, ಮೌನ ಅಷ್ಟೇ. ಚಿತ್ರ ನಿಂತದ್ದೇ ಇಲ್ಲಿ ಬಲ. ತಾಳಮದ್ದಳೆಯಲ್ಲಿ ಅರ್ಥಧಾರಿ ವೇಷ ಕಟ್ಟದೆ, ಕುಣಿಯದೆ, ಕೂತಲ್ಲೇ ಮಾತಿನಿಂದ ಕರ್ಣನನ್ನು ಮುಂದೆ ತಂದು ನಿಲ್ಲಿಸುತ್ತಾನಲ್ಲ, ಹಾಗೆ. ದೊಡ್ಡ ಸ್ಪಾಕ್‌ಗೆ ಲಿಯೊನಾರ್ಡ್ ನಿಮಾಯ್, ಅಪ್ಪನಿಗೆ ಮಾರ್ಕ್ ಲೆನಾರ್ಡ್, ಅಂದರೆ ಹಳೆಯ ಸರಣಿಯ ನಟರೇ ದನಿ ಕೊಟ್ಟಿದ್ದಾರೆ. ಚಿತ್ರ ಕೈಬಿಟ್ಟ ಕಡೆಯೂ ದನಿ ಕೈ ಹಿಡಿಯುತ್ತದೆ.

ಒಂದೇ ಕ್ರಮ ಒಂದು ಕಡೆ ಕಂತನ್ನು ಕೆಡಿಸಿದೆ, ಇನ್ನೊಂದು ಕಡೆ ಎತ್ತಿದೆ. ಹಾಗಾಗಿ ಪದದಲ್ಲೇ ಬೈಗುಳ ಇರಬಾರದು. 'ಅರೆ ಆನಿಮೇಶನ್' ಅಂದರೆ ಕೆಲಸ ಅರ್ಧಕ್ಕೆ ಬಿಟ್ಟಂತೆ ಕೇಳುತ್ತದೆ. 'ಸೀಮಿತ ಆನಿಮೇಶನ್' ಕಚೇರಿಯ ಕಡತದ ಮಾತು. 'ಮಿತಚಲನೆ' ಪರವಾಗಿಲ್ಲ. ಮಿತಭಾಷಿ ಅನ್ನುವಾಗ 'ಮಿತ'ಕ್ಕೆ ಒಂದು ಗೌರವ ಇದೆಯಲ್ವಾ? ಆದರೆ ಐದನೇ ಕ್ಲಾಸಿನ ಮಗುವಿಗೆ ಬಿಡಿಸಿ ಹೇಳಬೇಕಾಗುತ್ತದೆ. ನನಗೆ ನಮ್ಮ ಕಡೆಯ 'ಹಂದು', 'ಹಂದಾಡು' ಮೇಲೆ ಆಸೆ. "ಹಂದಾಡಡ, ಸುಮ್ನೆ ಕೂತ್ಕ" ಅಂತ ಶಿರಸಿ ಸೀಮೆಯ ಹವ್ಯಕರ ಮನೆಗಳಲ್ಲಿ ದಿನವೂ ಕೇಳುವ ಮಾತು. ಅದರಿಂದ 'ಕಿರುಹಂದಾಟ' ಅಂತ ಮಾಡಿದರೆ ಹೇಗೆ? ಮೈಸೂರು, ಕಲಬುರಗಿ ಕಡೆಯವರಿಗೆ ತಿಳಿಯುತ್ತದೆಯಾ? ಕಾರವಾರ, ಅಂಕೋಲಾ ಕಡೆಯವರು ಈ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತೀರಿ?

ಇನ್ನೊಂದು ಪದ, ಇದು ಜಾಸ್ತಿ ಕಷ್ಟದ್ದು. ಹುಡುಗ ಐ-ಚಾಯಾಗೆ ಆರಿಸುವ ಆ ಶಾಂತ ಸಾವನ್ನು ಏನನ್ನಬೇಕು? ಪತ್ರಿಕೆಯ ಪದ 'ದಯಾಮರಣ'. ಆದರೆ ಆ ಪದ ಕೇಳಿದರೆ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ವರ್ಷಾನುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದ ನರ್ಸ್, ಹಳದೀಪುರದ ಅರುಣಾ ಶಾನಭಾಗ, ಅವರ ದಯಾಮರಣದ ಅರ್ಜಿಯ ಮೇಲಿನ 2011ರ ಸುಪ್ರೀಂ ಕೋರ್ಟ್ ತೀರ್ಪು. ಅಷ್ಟು ಭಾರದ ಪದವನ್ನು ಮಕ್ಕಳ ಟಿಪ್ಪಣಿಗೆ ತರಲು ಮನಸ್ಸಿಲ್ಲ. 'ಸಾಯಲು ಬಿಡು' ತಪ್ಪು, ಯಾಕೆಂದರೆ ಅಲ್ಲಿ ಸುಮ್ಮನೆ ಬಿಟ್ಟಿಲ್ಲ, ಮಾಡಿದ್ದಾರೆ. 'ಕಳಿಸಿಕೊಡು' ಮೃದುವಾಗಿದೆ, ಆದರೆ ಎಲ್ಲಿಗೆ ಅಂತ ಮಗು ಕೇಳಿಯೇ ಕೇಳುತ್ತದೆ. ಸಾವನ್ನು ಮುಚ್ಚಿಡುವ ಪದ ಈ ಕಂತಿಗೆ ಮಾಡುವ ಅನ್ಯಾಯ. ಬೆಳಗಿನ ಮಕ್ಕಳ ಹೊತ್ತಿನಲ್ಲಿ ಸಾಕುಪ್ರಾಣಿಯ ಸಾವನ್ನು ಮರೆಮಾಡದೆ ತೋರಿಸಿದ್ದೇ ಅದರ ಹೆಚ್ಚುಗಾರಿಕೆ. ಸದ್ಯಕ್ಕೆ 'ನೋವಿಲ್ಲದ ಸಾವು ಕೊಡುವುದು' ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ನಿಜ ಹೇಳುತ್ತದೆ.

ಕೊರತೆಗಳ ಬಗ್ಗೆಯೂ ಟಿಪ್ಪಣಿಯಲ್ಲಿ ಬರೆಯುತ್ತಿದ್ದೇನೆ. ಇತಿಹಾಸ ಯಾಕೆ ಬದಲಾಯಿತು ಅನ್ನುವುದನ್ನು ಆರಂಭದಲ್ಲಿ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತಾರೆ, ಎರಡು ಸಲ ನೋಡಿದರೂ ಪೂರ್ತಿ ಕೂಡಿಬರುವುದಿಲ್ಲ. ಬದಲಾದ ಇತಿಹಾಸದಲ್ಲಿ ಸ್ಪಾಕ್‌ನ ತಾಯಿ ಗಂಡನಿಂದ ದೂರವಾಗಿ ಅಪಘಾತದಲ್ಲಿ ತೀರಿಕೊಂಡಿದ್ದಾಳೆ. ಅಂಥ ಸುದ್ದಿ ಒಂದೆರಡು ಮಾತಿನಲ್ಲಿ ಹಾದುಹೋಗುತ್ತದೆ. ತನ್ನ ಜಾಗ ಹೋಗುತ್ತದೆ ಅಂತ ಗೊತ್ತಿದ್ದೂ ಸ್ಪಾಕ್‌ಗೆ ಒಳ್ಳೆಯದು ಬಯಸುವ ಥೆಲಿನ್‌ಗೂ ಇನ್ನಷ್ಟು ಹೊತ್ತು ಕೊಡಬೇಕಿತ್ತು. ಅರ್ಧ ಗಂಟೆಯ ಕಂತಿನಲ್ಲಿ ಎಲ್ಲಕ್ಕೂ ಜಾಗವಿಲ್ಲ ಅನ್ನುವುದು ಸರಿ. ಆದರೂ ಹಡಗಿನ ಮಾತುಕತೆ ಕಡಿಮೆ ಮಾಡಿ ಇವರಿಬ್ಬರಿಗೆ ಕೊಡಬಹುದಿತ್ತು.

ಟಿಪ್ಪಣಿ ಅಚ್ಚಿಗೆ ಹೋಗುವ ಮೊದಲು ಎರಡೂ ಪದಗಳಿಗೆ ನಿಮ್ಮ ಊರಿನ ಬಳಕೆ ತಿಳಿಸಿ. ವಾಕ್ಯದಲ್ಲಿ ಇಟ್ಟು ಬರೆದರೆ ಇನ್ನೂ ಒಳ್ಳೆಯದು, ಮಕ್ಕಳೆದುರು ಓದಿ ನೋಡಬಹುದು.