ಥೈರಾಯಿಡ್ ಗಂಟು: ಅರ್ಧ ತೆಗೆಸುವುದೋ, ಪೂರ್ತಿಯೋ, ಕಾಯುವುದೋ?

ಕೇಳಿದವರು: ಬಲಭಾಗದಲ್ಲಿ 2.8 ಸೆಂ.ಮೀ. ಗಂಟಿದೆ. ಸೂಜಿ ಪರೀಕ್ಷೆಯಲ್ಲಿ ಬೆಥೆಸ್ಡಾ 4 (ಫಾಲಿಕ್ಯುಲರ್ ಗಂಟಿನ ಶಂಕೆ; ಕ್ಯಾನ್ಸರ್ ಇರಲೂಬಹುದು, ಇಲ್ಲದಿರಲೂಬಹುದು ಎಂಬ ದರ್ಜೆ) ಬಂದಿದೆ, ಗ್ರಂಥಿಯ ಕೆಲಸವನ್ನು ತೋರಿಸುವ ರಕ್ತಪರೀಕ್ಷೆ ಟಿಎಸ್‌ಎಚ್ ಸರಿಯಾಗಿದೆ. ಒಬ್ಬ ಸರ್ಜನ್ ಆ ಭಾಗವನ್ನಷ್ಟೇ ತೆಗೆದರೆ ಸಾಕೆಂದರೆ, ಇನ್ನೊಬ್ಬರು ಇಡೀ ಗ್ರಂಥಿ ತೆಗೆಯುವುದೇ ಕ್ಷೇಮ ಎನ್ನುತ್ತಾರೆ. ಆಪರೇಷನ್ ಮಾಡಿಸಿಕೊಂಡವರು, ಬೇಡವೆಂದವರು ದಯವಿಟ್ಟು ಅನುಭವ ತಿಳಿಸಿ.

ವಸುಧಾ: ನನ್ನದು ಗ್ರೇವ್ಸ್ ಕಾಯಿಲೆ, ಥೈರಾಯಿಡ್ ಮಿತಿಮೀರಿ ಕೆಲಸ ಮಾಡುವ ರೋಗ. ಒಂದೂವರೆ ವರ್ಷ ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ನುಂಗಿ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಎದೆಬಡಿತ, ಕೈನಡುಕ ಎಲ್ಲವೂ ಮರಳಿದವು. ಕಣ್ಣುಗಳು ಆಗಲೇ ಉಬ್ಬಿದ್ದರಿಂದ, ವಿಕಿರಣಶೀಲ ಅಯೋಡಿನ್ ಕೊಟ್ಟರೆ ಅವು ಇನ್ನಷ್ಟು ಕೆಡಬಹುದೆಂದು ಪೂರ್ತಿ ಗ್ರಂಥಿಯನ್ನೇ ತೆಗೆಸಿದೆ. ಮರುದಿನ ಸಂಜೆ ತುಟಿಯ ಸುತ್ತ ಜುಮುಜುಮು ಶುರುವಾಗಿ, ನೋಡನೋಡುತ್ತ ಬೆರಳುಗಳು ಸೆಟೆದುಕೊಂಡವು. ಗ್ರಂಥಿಯ ಹಿಂದಿರುವ, ರಕ್ತದ ಕ್ಯಾಲ್ಸಿಯಂ ಕಾಯುವ ಪುಟ್ಟ ಪ್ಯಾರಾಥೈರಾಯಿಡ್ ಗ್ರಂಥಿಗಳು ಪೆಟ್ಟು ತಿಂದು ಕ್ಯಾಲ್ಸಿಯಂ ಕುಸಿದಿತ್ತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ತೆಗೆದ ಗ್ರಂಥಿಯ ಹಾರ್ಮೋನಿಗೆ ಬದಲಾಗಿ ಥೈರಾಕ್ಸಿನ್ ಮಾತ್ರೆ, ಆಮೇಲೆ ಮುಕ್ಕಾಲು ಗಂಟೆ ಏನೂ ತಿನ್ನುವಂತಿಲ್ಲ, ನಾಲ್ಕು ಗಂಟೆ ಕಳೆಯದೆ ಕ್ಯಾಲ್ಸಿಯಂ ಮಾತ್ರೆ ಮುಟ್ಟುವಂತಿಲ್ಲ. ಇಂದಿಗೂ ಇದೇ ಪಾಡು. ಆದರೂ ತೆಗೆಸಿದ್ದೇ ಸರಿ ಎನ್ನುತ್ತೇನೆ. ಅರ್ಧ ಉಳಿಸಿಕೊಂಡು, ಇನ್ನೊಮ್ಮೆ ಕತ್ತು ಕೊಯ್ಯಿಸಿಕೊಳ್ಳುವ ಭಯದಲ್ಲಿ ಬದುಕುವುದೇಕೆ?

ತಾರಸ್ಥಾಯಿ: ವಸುಧಾ ಅವರೇ, ಗ್ರೇವ್ಸ್‌ನಲ್ಲಿ ಇಡೀ ಗ್ರಂಥಿಯೇ ಕೆರಳಿರುತ್ತದೆ, ಇವರಿಗಿರುವುದು ಒಂದು ಪಕ್ಕದ ಗಂಟು. ನನಗೂ ಬೆಥೆಸ್ಡಾ 4 ಬಂದಿತ್ತು. ಫಾಲಿಕ್ಯುಲರ್ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅದು ತನ್ನ ಕವಚವನ್ನೋ ರಕ್ತನಾಳವನ್ನೋ ಭೇದಿಸಿದೆಯೇ ಎಂಬುದರ ಮೇಲೆ ನಿಂತಿರುವುದರಿಂದ, ಸೂಜಿಯಲ್ಲಿ ಬಂದ ನಾಲ್ಕು ಜೀವಕೋಶ ನೋಡಿ ಯಾರೂ ಹೇಳಲಾರರು. ಎಡಭಾಗ ತೆಗೆದರು, ಕ್ಯಾನ್ಸರ್ ಅಲ್ಲವೆಂದು ವರದಿ ಬಂತು, ಉಳಿದರ್ಧವೇ ಸಾಕಾಗಿದೆ, ಮಾತ್ರೆಯಿಲ್ಲ. ಆದರೆ ನಾನು ಸಂಗೀತ ಕಲಿಸುವವಳು. ಮಾತು ಮೊದಲಿನಂತೆಯೇ ಇದ್ದರೂ ಮೇಲಿನ ಷಡ್ಜ ಮುಟ್ಟಿದೊಡನೆ ದನಿ ಒಡೆಯುತ್ತಿತ್ತು. ದನಿಯನ್ನು ಏರಿಸುವ ಸಣ್ಣ ನರಕ್ಕೆ ಪೆಟ್ಟಾಗಿದೆಯೆಂದು ತಿಳಿಯಲೇ ತಿಂಗಳುಗಳು ಹಿಡಿದವು. ಅಲ್ಲಿಯವರೆಗೆ 'ಮಾತನಾಡುತ್ತಿದ್ದೀರಲ್ಲ' ಎಂದೇ ಸಾಗಹಾಕಿದರು. ಆಪರೇಷನ್ನಿಗೆ ಮೊದಲೇ ಸ್ವರತಂತುಗಳನ್ನು ಪರೀಕ್ಷೆ ಮಾಡಿಸಿ, ವರದಿ ಬರೆಸಿಟ್ಟುಕೊಳ್ಳಿ.

ಕಾಯುವವನು: ಎಲ್ಲರದೂ ಕತ್ತರಿಯ ಮಾತೇ ಆಯಿತು. ನನ್ನದು ಥೈರಾಯಿಡ್‌ನದೇ ಒಂದು ಬಗೆಯ ಪ್ಯಾಪಿಲರಿ ಕ್ಯಾನ್ಸರ್, 7 ಮಿ.ಮೀ. ನಿಯಮಿತವಾಗಿ ಸ್ಕ್ಯಾನ್ ಮಾಡಿಸಿ ಕಾಯುತ್ತಿದ್ದೇನೆ, ಬೆಳೆದಿಲ್ಲ. ಜಪಾನಿನ ಕುಮಾ ಆಸ್ಪತ್ರೆಯವರು 1993ರಿಂದಲೇ ಇಂಥ ಸಣ್ಣ ಗಂಟುಗಳನ್ನು ಕೊಯ್ಯದೆ ಗಮನಿಸುತ್ತ ಬಂದಿದ್ದಾರೆ. ಹೆದರಿ ಗ್ರಂಥಿ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ವಸುಧಾ: ಹೆದರಿ? ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ 140 ಬಡಿಯುವ ಎದೆಯನ್ನು ಇಟ್ಟುಕೊಂಡು ನೀವು ಒಂದು ರಾತ್ರಿ ಮಲಗಿ ತೋರಿಸಿ.

ತಾರಸ್ಥಾಯಿ: ಕಾಯುವ ಮಾತು ಒಂದು ಸೆಂ.ಮೀ. ಮೀರದ, ಶ್ವಾಸನಾಳಕ್ಕೂ ಸ್ವರತಂತುವಿನ ನರಕ್ಕೂ ತಾಗದ, ಎಲ್ಲಿಗೂ ಹರಡದ ಗಂಟಿಗೆ ಸಲ್ಲುತ್ತದೆ. 2.8 ಸೆಂ.ಮೀ. ಇರುವವರ ಮೇಲೆ ನಿಮ್ಮ ಧೈರ್ಯವನ್ನು ಹೇರಬೇಡಿ.

ದೊಡ್ಡಮಗ: ಕ್ಯಾನ್ಸರ್ ಇಲ್ಲದವರ ಪಾಡನ್ನು ಯಾರೂ ಕೇಳುತ್ತಿಲ್ಲ. ನಮ್ಮ ತಾಯಿಯ ಗಳಗಂಡ ಎದೆಮೂಳೆಯ ಹಿಂದಕ್ಕೆ ಇಳಿದಿತ್ತು. ಅಂಗಾತ ಮಲಗಿದರೆ ಉಸಿರಿನಲ್ಲಿ ಸಿಳ್ಳೆ ಕೇಳುತ್ತಿತ್ತು; ವರ್ಷಗಟ್ಟಲೆ ಅಸ್ತಮಾ ಎಂದು ಔಷಧ ಕೊಟ್ಟರು. ಕೊನೆಗೊಬ್ಬ ವೈದ್ಯರು ಎರಡೂ ಕೈ ಮೇಲೆತ್ತಿ ಹಿಡಿಯಲು ಹೇಳಿದಾಗ ಮುಖ ಕೆಂಪೇರಿ ಊದಿಕೊಂಡಿತು; ಗಳಗಂಡ ಕತ್ತಿನ ರಕ್ತನಾಳಗಳನ್ನು ಒತ್ತುತ್ತಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸನಾಳ ಒಂದು ಪಕ್ಕಕ್ಕೆ ಒತ್ತಿಹೋಗಿತ್ತು. ಅಲ್ಲಿ ಟಿಎಸ್‌ಎಚ್ ಸರಿಯಿದ್ದು ಏನು ಬಂತು?

ಕಾಯುವವನು: ಟಿಎಸ್‌ಎಚ್ ಎಂದಾಗ ನೆನಪಾಯಿತು. ವಸುಧಾ ಅವರೇ, ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದಿರಾ? ಅದು ಕೆಲವು ರಕ್ತಪರೀಕ್ಷೆಗಳನ್ನು ಕೆಡಿಸಿ, ಇಲ್ಲದ ಗ್ರೇವ್ಸ್ ಇದ್ದಂತೆ ತೋರಿಸಬಲ್ಲದು.

ವಸುಧಾ: ಬಯೋಟಿನ್ ಕಣ್ಣನ್ನೂ ಉಬ್ಬಿಸುತ್ತದೆಯೇ ಸ್ವಾಮಿ?